ಸಮತೆಯ ಮನೆಯಲ್ಲಿ ಪಂಕ್ತಿಭೇದ

ಪಂಕ್ತಿಭೇದವೆಂಬುದು ಕನ್ನಡದ ಮನೆಮನೆಗೂ ತಿಳಿದ ಮಾತು. ಒಂದೇ ಒಲೆಯ ಅಡಿಗೆಯನ್ನು ಒಂದೇ ಹೊತ್ತಿನಲ್ಲಿ ಬಡಿಸುವಾಗ ಕೆಲವರ ಎಲೆಗೆ ತುಪ್ಪವೂ ಕೆಲವರ ಎಲೆಗೆ ಬರಿಯ ಸಾರೂ ಬಿದ್ದರೆ, ಕೆಲವರು ಒಳಗೂ ಕೆಲವರು ಹೊರಜಗಲಿಯಲ್ಲಿಯೂ ಕುಳಿತುಕೊಳ್ಳಬೇಕಾದರೆ, ಅದು ಪಂಕ್ತಿಭೇದ. ಹಳೆಯ ಛತ್ರಗಳಲ್ಲಿ ಇದು ನಡೆಯುತ್ತಿತ್ತೆಂದರೆ ಯಾರೂ ಬೆರಗಾಗುವುದಿಲ್ಲ; ಆ ಛತ್ರಗಳು ಸಮತೆಯ ಮಾತನ್ನು ಎಂದೂ ಆಡಿರಲಿಲ್ಲ. ಆದರೆ ಪಂಕ್ತಿಭೇದವನ್ನು ಅಳಿಸುವುದಕ್ಕೆಂದೇ ಕಟ್ಟಿದ ಮನೆಯೊಂದರಲ್ಲಿ, ಆ ಮನೆಯವರೇ ಕೆಲವರು ಎದ್ದುನಿಂತು, ‘ಇಲ್ಲಿಯೂ ಅದು ನಡೆಯುತ್ತಿದೆ’ ಎಂದು ದೂರಿದರೆ ಏನು ಮಾಡತಕ್ಕದ್ದು? ಸಮಾಜವಾದವನ್ನೂ ಕಾರ್ಮಿಕರ ಹಿತವನ್ನೂ ತಮ್ಮ ಧ್ಯೇಯವಾಗಿ ಸಾರುವ ಪಕ್ಷಗಳು ಈ ಪ್ರಶ್ನೆಗೆ ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರವು ಸರಿಯಲ್ಲ. ಅವುಗಳ ವೈರಿಗಳು ಕೊಡುವ ಉತ್ತರವಂತೂ ಇನ್ನೂ ಸರಿಯಲ್ಲ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೊರನಾಡಿನ ಒಂದು ಪ್ರಕರಣ. ಬ್ರಿಟನ್ನಿನ ಲೇಬರ್ ಪಕ್ಷವು ೧೯೦೦ರಲ್ಲಿ ಕಾರ್ಮಿಕ ಸಂಘಗಳ ಬೆಂಬಲದಿಂದ ಹುಟ್ಟಿದ್ದು. ಪೂರ್ವ ಯೂರೋಪಿನಲ್ಲಿ ಹಿಂಸೆಗೆ ಸಿಕ್ಕಿ ಓಡಿಬಂದು ಲಂಡನ್ನಿನ ಬಡ ಕೇರಿಗಳಲ್ಲಿ ಬಟ್ಟೆ ಹೊಲಿದು ಜೀವಿಸಿದ ಯೆಹೂದ್ಯರಲ್ಲಿ ಅನೇಕರಿಗೆ ಈ ಪಕ್ಷವು ಸ್ವಂತ ಮನೆಯಂತಿತ್ತು. ೨೦೧೫ರ ಸೆಪ್ಟೆಂಬರಿನಲ್ಲಿ ಜೆರೆಮಿ ಕಾರ್ಬಿನ್ ಅವರು ಇದರ ನಾಯಕರಾದರು. ವರ್ಣಭೇದದ ವಿರುದ್ಧ ಜೀವಮಾನವೆಲ್ಲ ಹೋರಾಡಿದವರೆಂದು ಅವರಿಗೆ ಹೆಸರು. ಅವರ ಕಾಲದಲ್ಲಿಯೇ, ಪಕ್ಷದೊಳಗೆ ಯೆಹೂದ್ಯದ್ವೇಷವು ತಲೆಯೆತ್ತಿದೆ, ದೂರು ಕೊಟ್ಟವರಿಗೆ ನ್ಯಾಯ ದೊರೆಯುತ್ತಿಲ್ಲ ಎಂಬ ಆಪಾದನೆಗಳು ಒಂದರ ಮೇಲೊಂದು ಬಂದುವು. ೨೦೧೬ರ ಜೂನ್ ತಿಂಗಳಲ್ಲಿ ಶಮಿ ಚಕ್ರವರ್ತಿಯವರು ಪಕ್ಷದ ಕೋರಿಕೆಯಂತೆ ವಿಚಾರಣೆ ನಡೆಸಿ ವರದಿ ಕೊಟ್ಟರು, ಗದ್ದಲ ನಿಲ್ಲಲಿಲ್ಲ. ೨೦೧೯ರ ಫೆಬ್ರವರಿಯಲ್ಲಿ ಲೂಸಿಯಾನಾ ಬರ್ಜರ್ ಎಂಬ ಯೆಹೂದ್ಯ ಸದಸ್ಯೆಯು ಇದೇ ಕಾರಣವನ್ನು ಹೇಳಿ ಪಕ್ಷವನ್ನು ಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಆ ದೇಶದ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗವು ತನಿಖೆಯನ್ನು ಆರಂಭಿಸಿ, ೨೦೨೦ರ ಅಕ್ಟೋಬರ್ ೨೯ರಂದು ತನ್ನ ನಿರ್ಣಯವನ್ನು ಪ್ರಕಟಿಸಿತು. ೨೦೧೦ರ ಸಮಾನತಾ ಶಾಸನವನ್ನು ಪಕ್ಷವು ಮೂರು ವಿಧದಲ್ಲಿ ಉಲ್ಲಂಘಿಸಿದೆ ಎಂದು ಆಯೋಗವು ಹೇಳಿತು: ದೂರುಗಳ ವಿಚಾರಣೆಯಲ್ಲಿ ರಾಜಕೀಯ ಹಸ್ತಕ್ಷೇಪ ನಡೆದಿತ್ತು, ವಿಚಾರಣೆ ಮಾಡುವವರಿಗೆ ತಕ್ಕ ಶಿಕ್ಷಣವನ್ನು ಕೊಟ್ಟಿರಲಿಲ್ಲ, ಪಕ್ಷದ ಪ್ರತಿನಿಧಿಗಳಿಂದ ಯೆಹೂದ್ಯ ಸದಸ್ಯರಿಗೆ ಕಿರುಕುಳವಾಗಿತ್ತು. ಪರಿಶೀಲಿಸಿದ ೭೦ ಕಡತಗಳಲ್ಲಿ, ನಾಯಕರ ಕಚೇರಿಯವರೂ ಇತರರೂ ಅನುಚಿತವಾಗಿ ಕೈಹಾಕಿದ ೨೩ ಸಂದರ್ಭಗಳು ಕಂಡುಬಂದುವು.

ಇಂಥ ದೂರು ಬಂದಾಗ ಸಮತಾವಾದಿಗಳು ಒಡ್ಡುವ ಮೊದಲನೆಯ ಪೂರ್ವಪಕ್ಷವು ಇದು: ‘ಎಲ್ಲ ಬಗೆಯ ಭೇದವನ್ನೂ ವಿರೋಧಿಸುವವರು ನಾವು, ನಮ್ಮಲ್ಲಿ ಭೇದವು ಇರುವುದೆಂತು?’ ಕೇಳುವುದಕ್ಕೆ ಮಾತು ಚೆನ್ನಾಗಿದೆ. ಆದರೆ ವೈದ್ಯನಾದ ಮಾತ್ರಕ್ಕೆ ಜ್ವರವು ಅವನನ್ನು ಬಿಡುವುದಿಲ್ಲ. ಚರಿತ್ರೆಯು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಫ್ರಾನ್ಸಿನಲ್ಲಿ ೧೮೯೪ರಲ್ಲಿ ಡ್ರೇಫಸ್ ಎಂಬ ಯೆಹೂದ್ಯ ಸೇನಾಧಿಕಾರಿಯನ್ನು ದೇಶದ್ರೋಹಿಯೆಂದು ಸುಳ್ಳಾಗಿ ಶಿಕ್ಷಿಸಿದಾಗ, ಅಲ್ಲಿಯ ಸಮಾಜವಾದಿಗಳಲ್ಲಿ ಬಹುಮಂದಿ ಅದನ್ನು ಸಿರಿವಂತರ ಒಳಜಗಳವೆಂದು ಬಗೆದು ಮೊದಮೊದಲು ಸುಮ್ಮನಿದ್ದರು. ಅವರ ನಾಯಕನಾದ ಝಾನ್ ಝೋರೆ ೧೮೯೮ರಲ್ಲಿ ಸಾಕ್ಷ್ಯಗಳನ್ನು ಒಂದೊಂದಾಗಿ ಶೋಧಿಸಿ, ಅನ್ಯಾಯಕ್ಕೆ ಗುರಿಯಾದವನು ಯಾವ ವರ್ಗದವನಾದರೂ ಮನುಷ್ಯನೇ ಎಂದು ವಾದಿಸಿದ ಮೇಲೆ ಆ ಪಕ್ಷದ ಕಣ್ಣು ತೆರೆಯಿತು. ಸೋವಿಯತ್ ದೇಶದಲ್ಲಿ ೧೯೫೩ರ ಜನವರಿಯಲ್ಲಿ, ನಾಯಕರನ್ನು ಕೊಲ್ಲಲು ಸಂಚುಹೂಡಿದರೆಂದು ಕೆಲವು ವೈದ್ಯರ ಮೇಲೆ ಆಪಾದನೆ ಹೊರಿಸಲಾಯಿತು. ಅವರಲ್ಲಿ ಹೆಚ್ಚಿನವರು ಯೆಹೂದ್ಯರು. ಮಾರ್ಚ್ ತಿಂಗಳಲ್ಲಿ ಸ್ಟಾಲಿನ್ ತೀರಿಕೊಂಡನು. ಕೆಲವೇ ವಾರಗಳಲ್ಲಿ ಅದೇ ಸರ್ಕಾರವು ಆ ಆಪಾದನೆಯೆಲ್ಲ ಕಟ್ಟುಕಥೆಯೆಂದು ಒಪ್ಪಿಕೊಂಡಿತು. ಸಮತೆಯ ಧ್ವಜವು ದ್ವೇಷಕ್ಕೆ ಅಡ್ಡಗೋಡೆಯಾಗಲಿಲ್ಲ.

ಈ ರೋಗವು ಹತ್ತುವ ಬಗೆಯನ್ನು ತಿಳಿಯುವುದು ಮುಖ್ಯ. ಬಡವನ ಸಿಟ್ಟು ಬಡ್ಡಿಯ ಮೇಲೆ ಇರತಕ್ಕದ್ದು; ಆದರೆ ಬಡ್ಡಿಗೆ ಮುಖವಿಲ್ಲ. ಮುಖವಿಲ್ಲದುದರ ಮೇಲೆ ಸಿಟ್ಟನ್ನು ಬಹುಕಾಲ ನಿಲ್ಲಿಸುವುದು ಕಷ್ಟ. ಆದುದರಿಂದ ಜನರು ಅದಕ್ಕೊಂದು ಮುಖವನ್ನು ಹುಡುಕುತ್ತಾರೆ. ಯೂರೋಪಿನಲ್ಲಿ ಆ ಮುಖವು ಶತಮಾನಗಳಿಂದ ಯೆಹೂದ್ಯನದಾಗಿದೆ. ೨೦೧೨ರಲ್ಲಿ ಲಂಡನ್ನಿನ ಒಂದು ಗೋಡೆಯ ಮೇಲೆ ಚಿತ್ರವೊಂದನ್ನು ಬರೆದರು: ಧನಿಕರು ಬಡವರ ಬೆನ್ನಿನ ಮೇಲೆ ಹಲಗೆಯನ್ನಿಟ್ಟು ಹಣದ ಆಟವಾಡುತ್ತಿರುವುದು ಅದರ ವಿಷಯ. ಆ ಧನಿಕರ ಮುಖಗಳು ಯೆಹೂದ್ಯರನ್ನು ಹಳಿಯುವ ಹಳೆಯ ವಿಕಾರಚಿತ್ರಗಳ ಮಾದರಿಯಲ್ಲಿದ್ದುವೆಂಬ ಆಕ್ಷೇಪದಿಂದ ಅದನ್ನು ಅಳಿಸಲಾಯಿತು. ಅಳಿಸುವುದನ್ನು ಆಗ ಪ್ರಶ್ನಿಸಿದವರಲ್ಲಿ ಕಾರ್ಬಿನ್ ಅವರೂ ಒಬ್ಬರು. ೨೦೧೮ರಲ್ಲಿ ವಿಷಯವು ಹೊರಬಿದ್ದಾಗ, ಚಿತ್ರವನ್ನು ಸರಿಯಾಗಿ ನೋಡದೆ ಹಾಗೆ ಬರೆದೆನೆಂದು ವಿಷಾದಿಸಿದರು. ಅವರಿಗೆ ಕಂಡದ್ದು ಬಂಡವಾಳ. ಯೆಹೂದ್ಯರಿಗೆ ಕಂಡದ್ದು ತಮ್ಮ ಅಜ್ಜಂದಿರನ್ನು ಊರು ಬಿಡಿಸಿದ ಹಳೆಯ ಪಟ. ನಾಜಿ ಆಳ್ವಿಕೆಯಲ್ಲಿ ಸುಮಾರು ಅರುವತ್ತು ಲಕ್ಷ ಜನರನ್ನು ಕಳೆದುಕೊಂಡ ಸಮುದಾಯವು ಅಂಥ ಪಟವನ್ನು ಕಂಡು ಬೆಚ್ಚಿಬಿದ್ದರೆ ಅದನ್ನು ಅತಿಸೂಕ್ಷ್ಮತೆಯೆನ್ನುವುದು ಕಲ್ಲೆದೆಯ ಮಾತು. ಹಾಸನದ ಸಂತೆಯಲ್ಲಾಗಲಿ ಚನ್ನರಾಯಪಟ್ಟಣದ ಮಂಡಿಯಲ್ಲಾಗಲಿ ಬೆಲೆಯಿಳಿದು ನೊಂದ ರೈತನು ಬೆಲೆಯ ವ್ಯವಸ್ಥೆಯನ್ನು ಬಿಟ್ಟು ವರ್ತಕನ ಜಾತಿಯನ್ನೋ ಮತವನ್ನೋ ಹಿಡಿದು ಬಯ್ದರೆ, ಅಲ್ಲಿಯೂ ಇದೇ ನಡೆಯುತ್ತದೆ. ಅನ್ಯಾಯವು ಇದ್ದಲ್ಲಿಯೇ ಉಳಿದು, ಬಯ್ಗುಳವು ಮಾತ್ರ ನೆರೆಮನೆಗೆ ಹೋಗುತ್ತದೆ.

ಎರಡನೆಯ ಪೂರ್ವಪಕ್ಷವು ಹೆಚ್ಚು ಬಲವಾದುದು: ‘ಇದೆಲ್ಲ ವೈರಿಗಳ ಸಂಚು. ನಾಯಕನನ್ನು ಕೆಳಗಿಳಿಸುವುದಕ್ಕಾಗಿ ದೂರನ್ನು ದೊಡ್ಡದು ಮಾಡುತ್ತಿದ್ದಾರೆ.’ ಇದರಲ್ಲಿ ಸ್ವಲ್ಪವೂ ನಿಜವಿಲ್ಲವೆಂದು ಹೇಳುವಂತಿಲ್ಲ. ೨೦೨೨ರ ಜುಲೈಯಲ್ಲಿ ಪ್ರಕಟವಾದ ಫೋರ್ಡ್ ವರದಿಯು, ಪಕ್ಷದೊಳಗಿನ ಎರಡು ಬಣಗಳೂ ಯೆಹೂದ್ಯದ್ವೇಷದ ಪ್ರಶ್ನೆಯನ್ನು ಒಂದರ ಮೇಲೊಂದು ಎಸೆಯುವ ಆಯುಧವಾಗಿ ಬಳಸಿಕೊಂಡುವೆಂದು ಹೇಳಿತು. ಆದರೆ ಇದರಿಂದ ಸಿದ್ಧವಾಗುವುದೇನು? ದೂರುವವನ ಉದ್ದೇಶ ಬೇರೆ, ದೂರಿನ ಸತ್ಯ ಬೇರೆ. ಕೆರೆಯ ಏರಿಯಲ್ಲಿ ನೀರು ಜಿನುಗುತ್ತಿದೆಯೆಂದು ಹಗೆಯ ಮನೆಯವನು ಬಂದು ಹೇಳಿದನೆಂದು ಯಾವ ಬುದ್ಧಿವಂತ ಪಟೇಲನಾದರೂ ಹಾಸಿಗೆಯಿಂದ ಏಳದೆ ಇರುವನೆ? ‘ಅವನಿಗೆ ನನ್ನ ಮೇಲೆ ದ್ವೇಷವಿದೆ’ ಎಂಬುದು ನಿಜವಿರಬಹುದು. ಏರಿಯು ಒಡೆದರೆ ಕೊಚ್ಚಿಹೋಗುವುದು ಮಾತ್ರ ತನ್ನ ಗದ್ದೆಯೇ. ಲಾಂದ್ರವನ್ನು ಹಿಡಿದು ಏರಿಯ ಮೇಲೆ ನಡೆದು ನೋಡಿಬರುವುದು ಮೊದಲು. ಹೇಳಿದವನ ಮನಸ್ಸನ್ನು ಅಳೆಯುವುದು ಆಮೇಲೆ.

ಬ್ರಿಟನ್ನಿನ ಆಯೋಗವು ಈ ಮಾತನ್ನು ಶಾಸನದ ಭಾಷೆಯಲ್ಲಿಯೇ ಹೇಳಿದೆ. ದೂರು ಕೊಟ್ಟ ಯೆಹೂದ್ಯ ಸದಸ್ಯರನ್ನು ಸುಳ್ಳುಗಾರರೆಂದೂ ಕಳಂಕ ಹಚ್ಚುವವರೆಂದೂ ಪಕ್ಷದ ಪ್ರತಿನಿಧಿಗಳು ಹೀಗಳೆದುದು ತಾನೇ ಕಿರುಕುಳದ ಒಂದು ಭಾಗವೆಂದು ಅದು ನಿರ್ಣಯಿಸಿತು. ಇನ್ನೊಂದು ಕಡೆ, ಪಕ್ಷದಲ್ಲಿ ಈ ದೋಷವು ಎಷ್ಟರಮಟ್ಟಿಗಿದೆ ಎಂಬುದನ್ನು ಕುರಿತು ಸದಸ್ಯರು ತಮ್ಮ ಅಭಿಪ್ರಾಯವನ್ನು ಹೇಳುವ ಸ್ವಾತಂತ್ರ್ಯಕ್ಕೆ ರಕ್ಷಣೆಯಿದೆಯೆಂದೂ ಅದೇ ವರದಿಯಲ್ಲಿ ಸ್ಪಷ್ಟಪಡಿಸಿತು. ವಿಚಾರ ಮಾಡಿ ‘ಈ ದೂರು ನಿಲ್ಲುವುದಿಲ್ಲ’ ಎನ್ನುವುದು ನ್ಯಾಯ. ವಿಚಾರಕ್ಕೆ ಮೊದಲೇ ‘ದೂರುವವನು ಶತ್ರು’ ಎನ್ನುವುದು ಬಾಯಿಮುಚ್ಚಿಸುವ ಉಪಾಯ.

ಇಲ್ಲಿ ಪ್ಯಾಲೆಸ್ಟೈನಿನ ವಿಷಯವನ್ನು ಎತ್ತದೆ ಮುಂದೆ ಹೋಗಲಾಗದು. ಇಸ್ರೇಲ್ ಸರ್ಕಾರದ ನಡತೆಯನ್ನು ಖಂಡಿಸುವವರನ್ನೆಲ್ಲ ಯೆಹೂದ್ಯದ್ವೇಷಿಗಳೆಂದು ಕರೆಯುವುದು ಅನ್ಯಾಯವೇ ಸರಿ. ಪ್ಯಾಲೆಸ್ಟೈನಿನ ಅರಬರು ಅನುಭವಿಸಿದ ದುಃಖವು ಕಲ್ಪಿತವಾದುದಲ್ಲ. ೨೦೧೮ರ ಸೆಪ್ಟೆಂಬರಿನಲ್ಲಿ ಲೇಬರ್ ಪಕ್ಷವು ಯೆಹೂದ್ಯದ್ವೇಷದ ಅಂತರರಾಷ್ಟ್ರೀಯ ವ್ಯಾಖ್ಯೆಯೊಂದನ್ನು ಅದರ ಉದಾಹರಣೆಗಳೆಲ್ಲದರೊಡನೆ ಅಂಗೀಕರಿಸಿದಾಗ, ಅದರಿಂದ ಇಸ್ರೇಲಿನ ಟೀಕೆಗೆ ಬಾಯಿ ಕಟ್ಟಿದಂತಾಗದೆ ಎಂದು ಅನೇಕರು ಪ್ರಾಮಾಣಿಕವಾಗಿ ಅಂಜಿದರು. ಆ ಅಂಜಿಕೆಯನ್ನು ತಳ್ಳಿಹಾಕಲಾಗದು. ಆದರೆ ಗೆರೆಯು ಎಲ್ಲಿದೆಯೆಂಬುದು ಸಾಮಾನ್ಯ ಬುದ್ಧಿಗೆ ನಿಲುಕದ ವಿಷಯವಲ್ಲ. ಪಾಕಿಸ್ತಾನ ಸರ್ಕಾರದ ಕೃತ್ಯಕ್ಕೆ ಹೊಳೆನರಸೀಪುರದ ಮುಸಲ್ಮಾನ ಗೃಹಸ್ಥನೊಬ್ಬನು ಬೀದಿಯಲ್ಲಿ ನಿಂತು ಉತ್ತರ ಹೇಳಬೇಕೆಂದು ಯಾರಾದರೂ ಒತ್ತಾಯಿಸಿದರೆ, ಅದು ನೀಚತನವೆಂದು ಸಮತಾವಾದಿಗಳೇ ಮೊದಲು ಕೂಗುವರು, ಕೂಗತಕ್ಕದ್ದೇ. ಹಾಗಾದರೆ ಇಸ್ರೇಲ್ ಸರ್ಕಾರದ ಕೃತ್ಯಕ್ಕೆ ಲಂಡನ್ನಿನ ಯೆಹೂದ್ಯಳೊಬ್ಬಳು ತನ್ನ ಪಕ್ಷದ ಸಭೆಯಲ್ಲಿ ಉತ್ತರ ಹೇಳಬೇಕೆನ್ನುವುದು ಯಾವ ನ್ಯಾಯ? ಸರ್ಕಾರವನ್ನು ಅದರ ಕೃತ್ಯದಿಂದ ಅಳೆಯಬೇಕು. ಮನುಷ್ಯನನ್ನು ಅವನ ಕೃತ್ಯದಿಂದ ಅಳೆಯಬೇಕು. ಹುಟ್ಟಿನಿಂದ ಯಾರನ್ನೂ ಅಳೆಯಕೂಡದು.

ಇದೆಲ್ಲ ದೂರದ ಸೀಮೆಯ ಕಥೆ, ಹೇಮಾವತಿಯ ದಂಡೆಯವರಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಯೂರೋಪಿನಲ್ಲಿ ಯೆಹೂದ್ಯನು ಕೇಳಿದ ಪ್ರಶ್ನೆಯನ್ನೇ ಭಾರತದಲ್ಲಿ ಅಸ್ಪೃಶ್ಯನೆನಿಸಿಕೊಂಡವನು ಕೇಳಿದ್ದಾನೆ. ಅದೂ ಬಹು ಹಿಂದೆಯೇ. ಎರಡೂ ಒಂದೇ ಬಗೆಯ ದುಃಖವಲ್ಲವಾದರೂ, ಸಮತೆಯ ಪಕ್ಷದವರಿಂದ ಅವರಿಗೆ ದೊರೆತ ಉತ್ತರದಲ್ಲಿ ಹೋಲಿಕೆಯಿದೆ. ೧೯೨೮ರಲ್ಲಿ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದರ ನಾಯಕತ್ವದಲ್ಲಿ ಕಮ್ಯೂನಿಸ್ಟರು ಮುಂದಾಗಿದ್ದರು. ಗಿರಣಿಗಳ ನೇಯ್ಗೆಯ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಅಲ್ಲಿ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ನೂಲನ್ನು ಬಾಯಿಂದ ಸೆಳೆಯಬೇಕಾಗುತ್ತಿತ್ತು. ಅಸ್ಪೃಶ್ಯನ ಬಾಯಿ ತಗಲಿದ ಲಾಳಿಯನ್ನು ಸವರ್ಣ ಕೂಲಿಯು ಮುಟ್ಟಲೊಲ್ಲನು. ಈ ಬಾಗಿಲನ್ನು ತೆರೆಯಬೇಕೆಂಬುದನ್ನು ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸದಿದ್ದರೆ ತಮ್ಮ ಜನರು ಮುಷ್ಕರಕ್ಕೆ ಬರುವುದಿಲ್ಲವೆಂದು ಡಾಕ್ಟರ್ ಅಂಬೇಡ್ಕರರು ಪಟ್ಟುಹಿಡಿದ ಮೇಲೆ ನಾಯಕರು ಮನಸ್ಸಿಲ್ಲದ ಮನಸ್ಸಿನಿಂದ ಸೇರಿಸಿಕೊಂಡರು. ಗಿರಣಿಯ ಧಣಿಗಳ ಉತ್ತರವಾದರೋ, ಈ ಭೇದವನ್ನು ಮಾಡಿದವರು ತಾವಲ್ಲ, ಕೂಲಿಗಳೇ ಎಂದು. ಧಣಿಯ ಬಾಯಿಂದ ಬಂದ ಮಾತಾದರೂ ಅದು ಸುಳ್ಳಾಗಿರಲಿಲ್ಲ.

ಲಾಹೋರಿನ ಸಭೆಗಾಗಿ ಬರೆದು, ಅಲ್ಲಿ ಓದಲಾಗದೆ, ೧೯೩೬ರಲ್ಲಿ ಅಚ್ಚಾದ ‘ಜಾತಿ ವಿನಾಶ’ವೆಂಬ ಭಾಷಣದಲ್ಲಿ ಅಂಬೇಡ್ಕರರು ಇದೇ ಪ್ರಶ್ನೆಯನ್ನು ಸಮಾಜವಾದಿಗಳ ಮುಂದೆ ಇಟ್ಟರು. ಕ್ರಾಂತಿಯಾದ ಮೇಲೆ ತನ್ನನ್ನು ಸಮಾನವಾಗಿ ನೋಡುವರೆಂಬ ಭರವಸೆಯಿಲ್ಲದೆ ಕೂಲಿಯು ಕ್ರಾಂತಿಗೆ ಏಕೆ ಬರುವನು ಎಂಬುದು ಅವರ ವಾದದ ಸಾರ. ಆಸ್ತಿಯ ಪ್ರಶ್ನೆ ಬಗೆಹರಿದರೆ ಜಾತಿಯು ತಾನಾಗಿ ಉದುರುವುದೆಂಬ ಉತ್ತರವೇ ಬಹುಕಾಲ ದೊರೆಯಿತು. ಕಮ್ಯೂನಿಸ್ಟರ ತ್ಯಾಗವನ್ನು ಮರೆಯುವುದು ಕೃತಘ್ನತೆ. ೧೯೬೮ರ ಡಿಸೆಂಬರ್ ೨೫ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಸುಟ್ಟುಹೋದ ೪೪ ಮಂದಿ ದಲಿತರು ಅವರ ಕೂಲಿಸಂಘದ ಜನ. ೨೦೦೮ರಲ್ಲಿ ಮಧುರೆ ಜಿಲ್ಲೆಯ ಉತ್ತಪುರದಲ್ಲಿ ದಲಿತರ ಕೇರಿಗೆ ಅಡ್ಡವಾಗಿದ್ದ ಗೋಡೆಯ ಒಂದು ಭಾಗವು ಬಿದ್ದುದು ಅವರ ಹೋರಾಟದಿಂದಲೇ. ಇಂಥ ಪಕ್ಷದಲ್ಲಿ, ಅಂದರೆ ೧೯೬೪ರಲ್ಲಿ ಹುಟ್ಟಿದ ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷದಲ್ಲಿ, ಅತ್ಯುನ್ನತ ಮಂಡಲಿಯಾದ ಪಾಲಿಟ್‌ಬ್ಯೂರೊಗೆ ಮೊದಲ ದಲಿತ ಸದಸ್ಯರಾಗಿ ರಾಮಚಂದ್ರ ಡೋಮ್ ಅವರು ಬಂದುದು ೨೦೨೨ರ ಏಪ್ರಿಲ್ ತಿಂಗಳ ಕಣ್ಣೂರು ಮಹಾಧಿವೇಶನದಲ್ಲಿ. ಹೊರಗಿನ ಗೋಡೆಯನ್ನು ಕೆಡವಿದ ಕೈಗೆ ಒಳಗಿನ ಬಾಗಿಲನ್ನು ತೆರೆಯಲು ಐವತ್ತೆಂಟು ವರ್ಷ ಹಿಡಿಯಿತು. ಅದುವರೆಗೆ ಪ್ರಶ್ನಿಸಿದವರಿಗೆ, ಜಾತಿಯ ಮಾತನ್ನೆತ್ತಿ ವರ್ಗದ ಒಗ್ಗಟ್ಟನ್ನು ಒಡೆಯಬಾರದೆಂಬ ಬುದ್ಧಿವಾದವು ದೊರೆಯುತ್ತಿತ್ತು. ‘ವೈರಿಯ ಸಂಚು’ ಎಂಬುದರ ಸೌಮ್ಯವಾದ ರೂಪವೇ ಇದು.

ಕನ್ನಡ ನಾಡಿಗೂ ಇದರ ಅನುಭವವಿದೆ. ಬಡತನದ ನಿರ್ಮೂಲನವನ್ನು ಘೋಷಿಸಿ, ಹಿಂದುಳಿದವರ ಪಕ್ಷಪಾತಿಯೆಂದು ಹೆಸರಾಗಿದ್ದ ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದರು. ೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಮಾತು ಒರಟಾದುದು, ಅಳತೆಮೀರಿದುದು. ಅದನ್ನು ಖಂಡಿಸುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಸಾವಿರ ವರ್ಷಗಳ ಆ ಭಂಡಾರದಲ್ಲಿ ಹೊಲಗೇರಿಯ ಮನುಷ್ಯನು ಎಷ್ಟು ಕಡೆ ಮನುಷ್ಯನಾಗಿ ಕಾಣುತ್ತಾನೆ ಎಂಬ ಪ್ರಶ್ನೆಯು ಆ ಒರಟು ಮಾತಿನೊಳಗೆ ಇತ್ತು. ಅದನ್ನು ಬಿಡಿಸಿ ನೋಡಿದವರು ಕೆಲವರೇ, ಬೀದಿಗಿಳಿದವರು ಬಹುಮಂದಿ. ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಪ್ರಶ್ನೆಯನ್ನು ಮನೆಯಿಂದ ಹೊರಗಟ್ಟಿದರೆ ಅದು ಸಾಯುವುದಿಲ್ಲ. ಬೇರೆ ಮನೆಯನ್ನು ಕಟ್ಟಿಕೊಳ್ಳುತ್ತದೆ. ಆ ದಶಕದಲ್ಲಿಯೇ ದಲಿತ ಸಂಘರ್ಷ ಸಮಿತಿಯು ಹುಟ್ಟಿತು. ದಲಿತ ಸಾಹಿತ್ಯವು ಕನ್ನಡದ ಮುಖವನ್ನೇ ಬದಲಿಸಿತು.

ಇನ್ನೂ ಹತ್ತಿರಕ್ಕೆ ಬಂದರೆ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಿದೆ. ೨೦೧೫ರಲ್ಲಿ ಆ ಊರಿನ ದೇವಾಲಯವನ್ನು ಹೊಕ್ಕ ದಲಿತ ಸ್ತ್ರೀಯರಿಗೆ ದಂಡ ಹಾಕಿದ ಸಂಗತಿಯು ನಾಡಿನಲ್ಲೆಲ್ಲ ಸುದ್ದಿಯಾಯಿತು. ಆ ದೇವಾಲಯದ ಹೆಸರು ಬಸವೇಶ್ವರ ದೇವಾಲಯ. ಹನ್ನೆರಡನೆಯ ಶತಮಾನದಲ್ಲಿ ಕುಲದ ಹೆಮ್ಮೆಯನ್ನು ತುಳಿದ ಮಹಾಪುರುಷನ ಹೆಸರು ಬಾಗಿಲಿನ ಮೇಲೆ. ಕುಲದ ಕಾರಣದಿಂದ ದಂಡವು ಬಾಗಿಲಿನ ಕೆಳಗೆ. ಹೆಸರೊಂದೇ ಯಾರನ್ನೂ ಕಾಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ? ‘ಬಸವ’ನೆಂಬ ಹೆಸರು ಆ ಬಾಗಿಲಿಗೆ ಏನು ಮಾಡಲಾರದೋ, ‘ಸಮಾಜವಾದ’ವೆಂಬ ಹೆಸರು ಪಕ್ಷದ ಕಚೇರಿಗೂ ಅದನ್ನು ಮಾಡಲಾರದು.

ಹೀಗೆಂದ ಮಾತ್ರಕ್ಕೆ ಎಡಪಕ್ಷದ ವಿರೋಧಿಗಳು ತೊಡೆ ತಟ್ಟಬೇಕಾಗಿಲ್ಲ. ತಮ್ಮ ಮನೆಯ ಪಂಕ್ತಿಭೇದವನ್ನು ಧರ್ಮವೆಂದು ಸಮರ್ಥಿಸುವವನಿಗೆ, ನೆರೆಮನೆಯ ಪಂಕ್ತಿಭೇದವನ್ನು ಕಂಡು ಹಿಗ್ಗುವ ಅಧಿಕಾರವಿಲ್ಲ. ಯೆಹೂದ್ಯರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿಯುಕ್ಕಿ, ಮುಸಲ್ಮಾನರ ವಿಷಯ ಬಂದಾಗ ಆ ಪ್ರೀತಿಯು ಇಂಗಿಹೋದರೆ, ಅದು ಪ್ರೀತಿಯಲ್ಲ, ವ್ಯಾಜ್ಯದ ಹೂಟ. ಕರಿಯರ ಮೇಲಿನ ದ್ವೇಷವನ್ನೂ ಮುಸಲ್ಮಾನರ ಮೇಲಿನ ದ್ವೇಷವನ್ನೂ ಯೆಹೂದ್ಯದ್ವೇಷದಷ್ಟು ಗಂಭೀರವಾಗಿ ಪಕ್ಷವು ನೋಡುತ್ತಿಲ್ಲವೆಂದು ಫೋರ್ಡ್ ವರದಿಗೆ ಹಲವು ಸದಸ್ಯರು ದೂರಿದ್ದರು. ದೂರುಗಳಲ್ಲಿಯೇ ಮೇಲುಕೀಳು ಹುಟ್ಟಿದರೆ ಪಂಕ್ತಿಭೇದವನ್ನು ನಿವಾರಿಸುವ ಪಂಕ್ತಿಯಲ್ಲಿಯೇ ಭೇದ ಬಂದಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ದೂರನ್ನು ವಿಚಾರಿಸುವವರು ನಾಯಕನ ಕೈಕೆಳಗಿನವರಾಗಿರಬಾರದು. ವಿಚಾರಣೆಗೆ ಕಾಲದ ಮಿತಿಯಿರಬೇಕು. ನಿರ್ಣಯಕ್ಕೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಆಪಾದಿತನಿಗೆ ತನ್ನ ಮಾತನ್ನು ಹೇಳಿಕೊಳ್ಳುವ ಪೂರ್ಣ ಅವಕಾಶವಿರಬೇಕು. ಸುಳ್ಳು ದೂರು ಸುಳ್ಳೆಂದು ಹೊರಬೀಳುವುದೂ ಅಂಥ ವಿಚಾರಣೆಯಿಂದಲೇ. ಯೆಹೂದ್ಯನಿಗೊಂದು, ದಲಿತನಿಗೊಂದು, ಮುಸಲ್ಮಾನನಿಗೊಂದು ನಿಯಮವಿರದೆ ಎಲ್ಲರಿಗೂ ಒಂದೇ ನಿಯಮವಿರಬೇಕು. ಇದು ಆಗದ ಹೋಗದ ಕೆಲಸವಲ್ಲ. ಲೇಬರ್ ಪಕ್ಷವು ಆಯೋಗದ ಆದೇಶದಂತೆ ದೂರುಗಳ ವಿಚಾರಣೆಯ ಕ್ರಮವನ್ನು ತಿದ್ದಿಕೊಂಡಿತು; ೨೦೨೩ರ ಫೆಬ್ರವರಿಯಲ್ಲಿ ಆಯೋಗವು ತೃಪ್ತಿಪಟ್ಟು ತನ್ನ ಮೇಲ್ವಿಚಾರಣೆಯನ್ನು ನಿಲ್ಲಿಸಿತು. ಆ ಪಕ್ಷದೊಳಗಿನ ಬಣಗಳ ಕಹಿಯು ಇದರಿಂದ ಹೋಗಲಿಲ್ಲ. ಕಾರ್ಬಿನ್ ಅವರು ೨೦೨೪ರಲ್ಲಿ ಪಕ್ಷದ ಹೊರಗೆ ಸ್ವತಂತ್ರವಾಗಿ ನಿಂತು ತಮ್ಮ ಕ್ಷೇತ್ರವನ್ನು ಗೆದ್ದರು. ಆದರೂ ಬಾಗಿಲನ್ನು ತಿದ್ದಬಹುದೆಂಬುದು ಸಿದ್ಧವಾಯಿತು.

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಪಕ್ಷಗಳ ಶಾಖೆಗಳಿವೆ. ರೈತಸಂಘಗಳೂ ಸಹಕಾರ ಸಂಘಗಳೂ ಸಾಹಿತ್ಯ ಸಂಘಗಳೂ ಇವೆ. ಇವುಗಳ ಗೋಡೆಯ ಮೇಲೆ ಬುದ್ಧ, ಬಸವ, ಗಾಂಧಿ, ಅಂಬೇಡ್ಕರರ ಪಟಗಳು ಸಾಲಾಗಿ ತೂಗುತ್ತವೆ. ಪಟಗಳ ಕೆಳಗಿನ ಕುರ್ಚಿಗಳಲ್ಲಿ ಯಾರು ಕುಳಿತಿದ್ದಾರೆ, ಬಾಗಿಲ ಬಳಿ ಯಾರು ನಿಂತಿದ್ದಾರೆ, ಸಭೆ ಮುಗಿದ ಮೇಲೆ ಕಾಫಿಯ ಲೋಟವು ಯಾರ ಕೈಗೆ ಬೇರೆಯಾಗಿ ಬರುತ್ತದೆ ಎಂಬುದನ್ನು ನೋಡುವುದಕ್ಕೆ ಲಂಡನ್ನಿನಿಂದ ಆಯೋಗವು ಬರಬೇಕಾಗಿಲ್ಲ. ಬಾಗಿಲ ಬಳಿ ನಿಂತವನು ಬಾಯಿ ತೆರೆದಾಗ, ‘ನಿನ್ನನ್ನು ಯಾರು ಕಳಿಸಿದರು?’ ಎಂದು ಕೇಳುವ ಸಂಘವು ಸಮತೆಯ ಸಂಘವಲ್ಲ. ‘ಏನಾಯಿತು, ಹೇಳು’ ಎಂದು ಕೇಳುವ ಸಂಘವು ಆ ಹೆಸರಿಗೆ ಅರ್ಹವಾಗತೊಡಗಿದೆ.